ಅನ್ನ, ಮುದ್ದೆ ಪೂರ್ತಿ ಬಿಡಬೇಕಾ?

ವಯಸ್ಸು 28, ಟೈಪ್ 2 ಶುಗರ್ ಬಂದಿದೆ, ನಾಳೆಯಿಂದಲೇ ಅನ್ನ, ಮುದ್ದೆ ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ನಾನೂ ದಾವಣಗೆರೆಯವನೇ. ದಯವಿಟ್ಟು ಒಂದೇ ಸಲ ಬಿಡಬೇಡಿ.

ಮೊದಲು ನಿಮ್ಮ ಮಾತ್ರೆ ಯಾವುದು ನೋಡಿ. ಗ್ಲಿಮೆಪಿರೈಡ್ ಇದ್ದರೆ ಶುಗರ್ ತೀರಾ ಇಳಿದು ಕೈ ನಡುಗಬಹುದು, ಬೆವರಬಹುದು, ತಲೆ ಸುತ್ತಬಹುದು. ಡಾಪಾಗ್ಲಿಫ್ಲೋಜಿನ್ ಇದ್ದರೆ ಇನ್ನೂ ಎಚ್ಚರ ಬೇಕು. ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಬರುವ ಆಮ್ಲ) ಏರಿ ಅಪಾಯವಾಗಬಹುದು. ಹಾಗಾಗಿ ಡಾಕ್ಟರ್ ಹತ್ತಿರ ಮಾತ್ರೆಯ ಡೋಸ್ ಕೇಳಿಕೊಂಡೇ ಅನ್ನ, ಮುದ್ದೆ ಕಡಿಮೆ ಮಾಡಲು ಶುರು ಮಾಡಿ.

ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ತಿನ್ನುತ್ತೇವೆ, ಅಲ್ವಾ? 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅರ್ಧ ಮುದ್ದೆ ಸಾಕು. ಜೊತೆಗೆ ಸೊಪ್ಪು, ಕಾಳು, ಮೊಟ್ಟೆ ಜಾಸ್ತಿ ಇರಲಿ. ಸಂಜೆಯ ಮಂಡಕ್ಕಿಯೂ ಅಕ್ಕಿಯೇ, ಸುಮ್ನೆ ಹಗುರ ಅನ್ನಿಸುತ್ತದೆ. ಅದರ ಬದಲು ಒಂದು ಹಿಡಿ ಶೇಂಗಾ ತಿನ್ನಿ. 3 ತಿಂಗಳಾದ ಮೇಲೆ ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ, ಎಷ್ಟು ಬಂತು ಅಂತ ಇಲ್ಲೇ ತಿಳಿಸಿ.