ಮೂರನೇ ಪುಟದಿಂದ ಶುರು ಮಾಡಿ

ನಮಸ್ಕಾರ. ಕ್ಯಾಮೆರಾವನ್ನು ನಡೆಸುವ ಸಾಫ್ಟ್‌ವೇರ್ ಬಗ್ಗೆ ನೀವು ಕಳಿಸಿದ ‘ಕ್ಯಾಮೆರಾ ಡ್ರೈವರ್‌ನ ಒಳಗೆ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಬೇಜಾರು ಮಾಡಬೇಡಿ, ವಿಷಯ ಬೇಡ ಅಂತ ಅಲ್ಲ. ಹೇಳಬೇಕಾದದ್ದನ್ನು ನೀವು ಮೂರನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲ ಎರಡು ಪುಟ ಪೂರ್ತಿ ಫೋಟೋಗ್ರಫಿಯ ಇತಿಹಾಸ. ಅದು ಎಲ್ಲ ಕಡೆ ಸಿಗುತ್ತದೆ, ತೆಗೆದುಬಿಡಿ. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಆಟ ಬರುತ್ತದೆ. ಗದ್ದೆಯಲ್ಲಿ ಯಕ್ಷಗಾನ ಬಯಲಾಟ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಐಎಂಎಕ್ಸ್219 ಸೆನ್ಸರಿನ (ಬೆಳಕು ಹಿಡಿಯುವ ಚಿಪ್) ಕ್ಯಾಮೆರಾ ಸಿಕ್ಕಿಸಿ ರೆಕಾರ್ಡ್ ಮಾಡಿದಿರಿ, ಬೆಳಿಗ್ಗೆ ನೋಡಿದರೆ ಒಂದು ಗಂಟೆಯ ಆಟ ಅರ್ಧ ಗಂಟೆಯಲ್ಲಿ ಮುಗಿದಿದೆ, ಬೇರೆ ಮೈಕಿನಲ್ಲಿ ಹಿಡಿದ ಚೆಂಡೆಗೂ ವೇಷದವರ ಕಾಲಿಗೂ ತಾಳಮೇಳ ಇಲ್ಲ, ದಿಗಿಣ (ಸುತ್ತಿ ಹಾರುವ ಕುಣಿತ) ಹೊಡೆಯುವಾಗ ಕಿರೀಟ ಬರೀ ಮಂಜು. ಮಾರಾಯ್ರೆ, ಇದನ್ನು ಬಿಟ್ಟು ಇತಿಹಾಸದಿಂದ ಶುರು ಮಾಡುವುದುಂಟಾ! ಯಾಕೆ ಹೀಗಾಯಿತು ಅಂತ ಓದುವವರಿಗೆ ಮಂಡೆಬಿಸಿ ಆಗುವಷ್ಟರಲ್ಲಿ ನೀವು ಸೆನ್ಸರಿನ ಸೆಟ್ಟಿಂಗ್ ಬರೆಯುವ ರಿಜಿಸ್ಟರ್‌ಗಳ ಪಟ್ಟಿಗೆ ಹಾರಿದ್ದೀರಿ.

ಇನ್ನು ತಪ್ಪುಗಳು. ‘ಡ್ರೈವರ್‌ಗೆ 30 ಎಫ್‌ಪಿಎಸ್ ಅಂತ ಹೇಳಿದರೆ ಸಾಕು’ ಅಂದಿದ್ದೀರಿ. ಈ ಸೆನ್ಸರಿನ ಡ್ರೈವರ್‌ನಲ್ಲಿ ಹಾಗೆ ಹೇಳುವ ಕಂಟ್ರೋಲೇ ಇಲ್ಲ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ; ಎಫ್‌ಪಿಎಸ್ ಅಂದರೂ ಇದೇ) ಲೆಕ್ಕದಿಂದ ಬರುತ್ತದೆ: ಪಿಕ್ಸೆಲ್ ರೇಟನ್ನು (ಸೆಕೆಂಡಿಗೆ ಓದುವ ಪಿಕ್ಸೆಲ್) ಸಾಲಿನ ಉದ್ದದಿಂದ ಭಾಗಿಸಿ, ಅದನ್ನು ಫ್ರೇಮಿನ ಒಟ್ಟು ಸಾಲುಗಳಿಂದ ಭಾಗಿಸಬೇಕು. ನಿಮ್ಮ ಸೆಟ್ಟಿಂಗಿನ ಅಂಕಿಗಳನ್ನೇ ಹಾಕಿ ತೋರಿಸಿ. ಸೆಕೆಂಡಿಗೆ 18.24 ಕೋಟಿ ಪಿಕ್ಸೆಲ್, ಸಾಲಿಗೆ 3448, ಅಂದರೆ ಒಂದು ಸಾಲಿಗೆ ಸುಮಾರು 18.9 ಮೈಕ್ರೊಸೆಕೆಂಡ್. ಒಟ್ಟು 1763 ಸಾಲು ಇದ್ದರೆ 30 ಫ್ರೇಮ್. ಅದರಲ್ಲಿ ಚಿತ್ರ 1080 ಸಾಲು, ಉಳಿದ 683 ಖಾಲಿ. ಆ ಖಾಲಿಯೇ ವಿಬ್ಲ್ಯಾಂಕ್, ನಿಮ್ಮ ಕೈಗೆ ಸಿಗುವುದು ಅದು.

ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹೋಲಿಕೆ ನನಗೆ ಇಷ್ಟವಾಯಿತು, ಆದರೆ ಉಲ್ಟಾ ಹೇಳಿದ್ದೀರಿ. ವಿಬ್ಲ್ಯಾಂಕ್ ಹೆಚ್ಚಿಸಿ ಫ್ರೇಮ್ ರೇಟ್ ಇಳಿಸಿದರೆ ಬಸ್ಸು ನಿಧಾನ ಓಡುವುದಿಲ್ಲ. ಓಟದ ವೇಗ, ಅಂದರೆ ಸಾಲು ಓದುವ ವೇಗ, ಅಷ್ಟೇ ಇರುತ್ತದೆ; ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಹೊತ್ತು ಜಾಸ್ತಿ ಆಗುತ್ತದೆ. ಒಂದೊಂದೇ ಸಾಲು ಓದುವುದರಿಂದ ಬೀಸಿದ ಕತ್ತಿ ಓರೆಯಾಗಿ ಕಾಣುವ ರೋಲಿಂಗ್ ಶಟರ್ ದೋಷ ರೇಟ್ ಇಳಿಸಿದರೂ ಒಂದೇ ಥರ ಇರುವುದು ಇದರಿಂದಲೇ ಅಲ್ವಾ?

ಎಕ್ಸ್‌ಪೋಶರ್‌ಗೂ (ಸೆನ್ಸರ್ ಬೆಳಕು ಹಿಡಿಯುವ ಹೊತ್ತು) ಫ್ರೇಮ್ ರೇಟಿಗೂ ಸಂಬಂಧ ಇಲ್ಲ ಅಂದದ್ದು ದೊಡ್ಡ ತಪ್ಪು. ಎಕ್ಸ್‌ಪೋಶರನ್ನೂ ಸಾಲುಗಳಲ್ಲೇ ಅಳೆಯುತ್ತಾರೆ, ಅದು ಒಟ್ಟು ಸಾಲಿಗಿಂತ ಕನಿಷ್ಠ 4 ಕಡಿಮೆ ಇರಬೇಕು. 30 ಫ್ರೇಮಿನಲ್ಲಿ ಸಿಗುವುದು 1759 ಸಾಲು, 33 ಮಿಲಿಸೆಕೆಂಡ್ ಚಿಲ್ಲರೆ. ರಾತ್ರಿ ಬೆಳಕು ಸಾಲದೆ ಆಟೋ ಎಕ್ಸ್‌ಪೋಶರ್ ಇನ್ನೂ ಹೆಚ್ಚು ಸಾಲು ಕೇಳಿತು, ವಿಬ್ಲ್ಯಾಂಕ್ 2446ಕ್ಕೆ ಏರಿತು, ಒಟ್ಟು 3526 ಸಾಲಾಯಿತು, ರೇಟ್ 15ಕ್ಕೆ ಬಿತ್ತು. ನೀವು ಉಳಿಸಿದ್ದು ಟೈಮ್‌ಸ್ಟಾಂಪ್ (ಯಾವ ಫ್ರೇಮ್ ಯಾವ ಹೊತ್ತಿನದು ಎಂಬ ಗುರುತು) ಇಲ್ಲದ ಕಚ್ಚಾ ಎಚ್264 ವಿಡಿಯೊ ಫೈಲು, ಪ್ಲೇಯರ್ ಅದನ್ನು 30 ಅಂದುಕೊಂಡು ಓಡಿಸಿತು. ಗಂಟೆ ಅರ್ಧವಾದ ಗುಟ್ಟು ಇಷ್ಟೇ. ಒಂದೊಂದು ಫ್ರೇಮಿಗೂ 66 ಮಿಲಿಸೆಕೆಂಡ್ ಬೆಳಕು ಕುಡಿದರೆ ದಿಗಿಣ ಮಂಜಾಗದೆ ಇನ್ನೆಂತ ಆಗಬೇಕು? ಈ ಕೊಂಡಿ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ. ನನ್ನ ಪ್ರಕಾರ ಲೇಖನವೇ ಇದು.

ನಿಮ್ಮ ಕೋಡಿನಲ್ಲಿ ಮೊದಲು ಎಕ್ಸ್‌ಪೋಶರ್, ಆಮೇಲೆ ವಿಬ್ಲ್ಯಾಂಕ್ ಬರೆದಿದ್ದೀರಿ. ಹೆಚ್ಚಿಸುವಾಗ ಈ ಕ್ರಮ ನಡೆಯುವುದಿಲ್ಲ. ಹಳೆಯ ಮಿತಿ ಇನ್ನೂ ಇರುವುದರಿಂದ ಬೆಲೆ 1759ಕ್ಕೇ ಕತ್ತರಿಸಿ ಹೋಗುತ್ತದೆ, ಡ್ರೈವರ್ ದೂರನ್ನೂ ಕೊಡುವುದಿಲ್ಲ. ವಿಬ್ಲ್ಯಾಂಕ್ ಬದಲಾದ ಮೇಲೆಯೇ ಎಕ್ಸ್‌ಪೋಶರಿನ ಗರಿಷ್ಠ ಬದಲಾಗುವುದು. ಬರೆದದ್ದು ಅದೇ ಫ್ರೇಮಿನಲ್ಲಿ ಕಾಣುವುದೂ ಇಲ್ಲ, ಸಾಮಾನ್ಯವಾಗಿ ಒಂದೆರಡು ಫ್ರೇಮ್ ತಡ. ಇದನ್ನು ಹೇಳುವುದಕ್ಕೆ ಲೇಖನದಲ್ಲಿ ಎರಡು ವಾಕ್ಯ ಸಾಕು.

ಟ್ಯೂಬ್‌ಲೈಟಿನಿಂದ ಚಿತ್ರದಲ್ಲಿ ಬೀಳುವ ಪಟ್ಟೆ ಹೋಗಲು ‘1/60 ಸೆಕೆಂಡ್ ಇಡಿ’ ಅಂತ ಎಲ್ಲಿಂದಲೋ ಎತ್ತಿದ್ದೀರಿ. ಅದು ಅಮೆರಿಕದ ಕರೆಂಟಿಗೆ. ನಮ್ಮಲ್ಲಿ 50 ಹರ್ಟ್ಜ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಹಾಗಾಗಿ 10 ಮಿಲಿಸೆಕೆಂಡಿನ ಪೂರ್ಣ ಗುಣಕ ಬೇಕು, ಅಂದರೆ ನಿಮ್ಮ ಸೆನ್ಸರಿನಲ್ಲಿ 529 ಸಾಲು ಅಥವಾ ಅದರ ಎರಡರಷ್ಟು, ಮೂರರಷ್ಟು.

ಭಾಷೆ ಬಗ್ಗೆ ಒಂದೇ ಮಾತು. ‘ಅನಾವರಣ ಕಾಲಾವಧಿ’, ‘ಚೌಕಟ್ಟು ದರ’ ಅಂತ ನೀವು ಗೆಳೆಯರ ಹತ್ತಿರ ಮಾತಾಡುತ್ತೀರಾ? ಸುಮ್ನೆ ಎಕ್ಸ್‌ಪೋಶರ್, ಫ್ರೇಮ್ ರೇಟ್ ಅನ್ನಿ.

ತಿದ್ದಿ ಮತ್ತೆ ಕಳಿಸಿ, ಅರ್ಧಕ್ಕರ್ಧ ಆದರೂ ಪರವಾಗಿಲ್ಲ. ಅಂದ ಹಾಗೆ, ಆ ರಾತ್ರಿಯ ಪ್ರಸಂಗ ಯಾವುದು ಅಂತ ಬರೆದೇ ಇಲ್ಲ ನೀವು.