ಯಂತ್ರ ನಿಲ್ಲಿಸಿದವರು ನಾವೇ ಅಲ್ಲವೇ?

ಪ್ರಶ್ನೆ: ಅಡಿಕೆ ಕೊಯ್ಲಿನ ದಿನಗಳಲ್ಲಿ ನನ್ನ ಅಣ್ಣನಿಗೆ (54 ವರ್ಷ) ಎದೆಯುರಿ ಬಂತು. ಪಿತ್ತವೆಂದು ಕಷಾಯ ಕುಡಿದು ಮಲಗಿದ. ಮರುದಿನ ಹೃದಯಾಘಾತವೆಂದು ತಿಳಿದು, ಘಟ್ಟವಿಳಿದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಹೃದಯ, ಶ್ವಾಸಕೋಶಗಳ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಎಕ್ಮೊ ಯಂತ್ರಕ್ಕೆ ಹಾಕಿದರು. ಏಳನೆಯ ದಿನ, ಹೃದಯ ಚೇತರಿಸುತ್ತಿಲ್ಲ, ಮೆದುಳಿನಲ್ಲಿಯೂ ದೊಡ್ಡ ರಕ್ತಸ್ರಾವವಾಗಿದೆ ಎಂದರು. ಅತ್ತಿಗೆಯೂ ನಾನೂ ಯಂತ್ರ ನಿಲ್ಲಿಸಲು ಒಪ್ಪಿದೆವು. ಆಗಲೂ ಅವನ ಮೈ ಬೆಚ್ಚಗಿತ್ತು. ನಾವೇ ಕೊಂದಂತಾಯಿತೇ? ಈ ಯಂತ್ರ ಶಿರಸಿಯಲ್ಲಿಯೇ ಇದ್ದಿದ್ದರೆ ಅವನು ಉಳಿಯುತ್ತಿದ್ದನೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಇಲ್ಲ, ನೀವು ಕೊಲ್ಲಲಿಲ್ಲ. ಅಣ್ಣನವರ ಚಿಕಿತ್ಸೆಯ ದಾಖಲೆಗಳನ್ನು ನಾನು ನೋಡಿಲ್ಲವಾದರೂ, ನೀವು ಬರೆದಿರುವಷ್ಟರಿಂದ ಇದನ್ನು ಹೇಳಲು ಹಿಂಜರಿಯುವುದಿಲ್ಲ.

ಮೊದಲು ಆ ಬೆಚ್ಚಗಿನ ಮೈಯ ವಿಷಯ. ಹಾಸಿಗೆಯ ಪಕ್ಕದಲ್ಲಿ ಎರಡು ದಪ್ಪ ಕೊಳವೆಗಳನ್ನು ನೀವು ಕಂಡಿರಬಹುದು: ತೊಡೆಯ ಅಭಿಧಮನಿಯಿಂದ ಕಪ್ಪುಗೆಂಪು ರಕ್ತವನ್ನು ಹೊರಗೆಳೆಯುವುದೊಂದು, ಆಮ್ಲಜನಕ ಸೇರಿದ ಹೊಳೆಯುವ ಕೆಂಪು ರಕ್ತವನ್ನು ಅಪಧಮನಿಗೆ ಮರಳಿಸುವುದು ಇನ್ನೊಂದು. ನಿಮಿಷಕ್ಕೆ ಸುಮಾರು 4 ಲೀಟರ್ ರಕ್ತ ಹೀಗೆ ದೇಹದ ಹೊರಗೆ ಸುತ್ತಿ ಬರುವಾಗ ತಣ್ಣಗಾಗುವುದರಿಂದ, ಬೆಚ್ಚನೆಯ ನೀರು ಹರಿಯುವ ವ್ಯವಸ್ಥೆಯೊಂದನ್ನು ಯಂತ್ರಕ್ಕೆ ಜೋಡಿಸಿ ರಕ್ತವನ್ನು ಸುಮಾರು 37 ಡಿಗ್ರಿಯಲ್ಲಿ ಇರಿಸಲಾಗುತ್ತದೆ. ನಿಮ್ಮ ಕೈಗೆ ತಗುಲಿದ ಬಿಸುಪಿನಲ್ಲಿ ಆ ನೀರಿನ ಪಾಲು ದೊಡ್ಡದು. ಇದನ್ನು ಯಾರಾದರೂ ಅಂದೇ ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು.

ಎಕ್ಮೊ ಹೃದಯದ ಕಾಯಿಲೆಯನ್ನು ವಾಸಿಮಾಡುವ ಚಿಕಿತ್ಸೆಯಲ್ಲ. 1953ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಜಾನ್ ಗಿಬ್ಬನ್ ಶಸ್ತ್ರಚಿಕಿತ್ಸೆಗೆ ಬಳಸಿ ಯಶಸ್ವಿಯಾದ ಹೃದಯ-ಶ್ವಾಸಕೋಶ ಯಂತ್ರವನ್ನೇ, ಗಂಟೆಗಳ ಬದಲು ದಿನಗಟ್ಟಲೆ ನಡೆಯುವಂತೆ ಬೆಳೆಸಿದ ರೂಪವಿದು. ಹೃದಯ ತಾನಾಗಿ ಚೇತರಿಸಿಕೊಳ್ಳುವವರೆಗೆ, ಇಲ್ಲವೇ ಹೃದಯ ಕಸಿಯೋ ಎದೆಯೊಳಗೆ ಕೂರಿಸುವ ಶಾಶ್ವತ ಪಂಪೋ ಸಾಧ್ಯವಾಗುವವರೆಗೆ ಅದು ಕಾಲಾವಕಾಶ ಕೊಡುತ್ತದೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಹೆಪಾರಿನ್ ಎಂಬ ಔಷಧ ಕೊಡಬೇಕಾಗುವುದರಿಂದ, ಎಷ್ಟೇ ಎಚ್ಚರ ವಹಿಸಿದರೂ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಉಳಿದೇ ಇರುತ್ತದೆ. ಹಾಗಾದ ಮೇಲೆ ಹೆಪಾರಿನ್ ಮುಂದುವರಿಸಿದರೆ ಮೆದುಳಿಗೆ ಕೇಡು, ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿ ಯಂತ್ರಕ್ಕೂ ಕೈಕಾಲುಗಳಿಗೂ ಕೇಡು. ಹೃದಯವೂ ಏಳದಿದ್ದಾಗ ಯಂತ್ರ ಕಾಯುವುದಾದರೂ ಯಾವುದಕ್ಕೆ? ಅಣ್ಣನವರು ಹೋದದ್ದು ಆ ಕಾಯಿಲೆಯಿಂದ, ನಿಮ್ಮ ಸಹಿಯಿಂದಲ್ಲ. ಗುಣವಾಗುವ ಭರವಸೆಯಿಲ್ಲದ ರೋಗಿಗೆ ಜೀವರಕ್ಷಕ ಯಂತ್ರ ಹಿಂತೆಗೆಯುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿದೆ. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದ್ದು, ವೈದ್ಯರ ಎರಡು ಮಂಡಳಿಗಳು ಒಪ್ಪಬೇಕೆಂಬ ನಿಯಮವಿರುವುದೇ ಈ ಭಾರ ಮನೆಯವರೊಬ್ಬರ ತಲೆಯ ಮೇಲೆ ಬೀಳದಿರಲೆಂದು. ಅತ್ತಿಗೆಯವರಿಗೂ ಇದನ್ನು ಓದಿ ಹೇಳಿ.

ಇನ್ನು ಶಿರಸಿಯ ಮಾತು. ಎಕ್ಮೊಗೆ ಹಗಲಿರುಳು ಕಾಯುವ ಪರ್ಫ್ಯೂಷನಿಸ್ಟ್ (ಈ ಯಂತ್ರ ನಡೆಸುವ ತಜ್ಞ), ತರಬೇತಾದ ದಾದಿಯರು, ಹೃದಯ ಶಸ್ತ್ರಚಿಕಿತ್ಸಕರು ಬೇಕು. ಯಂತ್ರವೊಂದನ್ನೇ ತಂದಿರಿಸಿದರೆ ಪ್ರಯೋಜನವಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಹೃದಯಾಘಾತದಲ್ಲಿ ಹೆಚ್ಚು ಜೀವ ಉಳಿಯುವುದು ಮೊದಲ ಕೆಲವು ಗಂಟೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟಾಗ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಇದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಎದೆಯುರಿಯನ್ನು ಪಿತ್ತವೆಂದುಕೊಳ್ಳುವ ತಪ್ಪು ನಿಮ್ಮ ಮನೆಯದೊಂದೇ ಅಲ್ಲ, ಅದಕ್ಕಾಗಿ ಯಾರನ್ನೂ ದೂರಬೇಡಿ. ಆದರೆ ಒಡಹುಟ್ಟಿದವರಾದ ನೀವೂ ಅಣ್ಣನ ಮಕ್ಕಳೂ ಈ ತಿಂಗಳೇ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಳ್ಳಿ. ಬೆವರಿನೊಂದಿಗೆ ಎದೆಯುರಿಯೋ ಎದೆಬಿಗಿತವೋ ಕಂಡರೆ ಕಷಾಯಕ್ಕೆ ಒಲೆ ಹಚ್ಚುವ ಮೊದಲು 108ಕ್ಕೆ ಕರೆ ಮಾಡಿ.