ಅಜ್ಜನ ಬದುಕನ್ನು ಬರೆಯುವುದು ಎಲ್ಲಿಂದ?

ಪ್ರಶ್ನೆ: ತೊಂಬತ್ತು ದಾಟಿದ್ದ ನಮ್ಮ ಅಜ್ಜ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಶರಾವತಿ ಹಿನ್ನೀರಿನಲ್ಲಿ ಮನೆ, ತೋಟ ಮುಳುಗಿದ ಮೇಲೆ ಬೇರೆ ಊರಿಗೆ ಬಂದು ಹೊಸದಾಗಿ ಅಡಿಕೆ ತೋಟ ಎಬ್ಬಿಸಿದವರು ಅವರು. ವರ್ಷಾಂತಿಕದ ಹೊತ್ತಿಗೆ ನೆನಪಿನ ಪುಸ್ತಕವೊಂದನ್ನು ತರಬೇಕೆಂದಿದ್ದೇವೆ. ಆದರೆ ಮನೆಯವರು ಬರೆದುಕೊಟ್ಟದ್ದೆಲ್ಲ ‘ಸರಳ ಸಜ್ಜನ, ಶ್ರಮಜೀವಿ’ ಎಂಬಲ್ಲಿಗೇ ನಿಲ್ಲುತ್ತಿದೆ. ಆಸ್ತಿ ಹಿಸೆಯಾದಾಗ ಅಜ್ಜ ತಮ್ಮನೊಡನೆ ಮಾತು ಬಿಟ್ಟದ್ದನ್ನೂ ಬರೆಯಬೇಕೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಹಿರಿಯರನ್ನು ಕಳೆದುಕೊಂಡ ನಿಮ್ಮ ಮನೆಯವರ ದುಃಖದಲ್ಲಿ ನಾನೂ ಭಾಗಿ. ಅವರು ಬರೆದುಕೊಟ್ಟ ಮಾತುಗಳು ಸುಳ್ಳಲ್ಲ, ಆದರೆ ಅವು ಯಾರ ಅಜ್ಜನಿಗಾದರೂ ಒಪ್ಪುವಂಥವು. ನಿಮ್ಮ ಅಜ್ಜ ಯಾವಾಗ ಏನು ಮಾಡಿದರು, ಆಗ ಅವರ ಕೈಯಲ್ಲಿ ಏನಿತ್ತು ಎಂಬುದನ್ನು ಬರೆಯಿರಿ.

ಅದಕ್ಕಾಗಿ ಮೊದಲು ಅವರ ಟ್ರಂಕು ತೆಗೆಯಿರಿ. ಜಾತಕದಲ್ಲಿ ಪ್ರಜೋತ್ಪತ್ತಿ ಸಂವತ್ಸರವೆಂದಿದ್ದರೆ ಅದು 1931-32. ಆ ತಲೆಮಾರಿನ ಎಷ್ಟೋ ಮಂದಿಯ ಜನ್ಮದಿನಾಂಕವನ್ನು ಶಾಲೆಯಲ್ಲಿ ಅಂದಾಜಿನಿಂದಲೇ ಬರೆಸಿದ್ದರಿಂದ, ಎರಡೂ ಹೊಂದದಿದ್ದಾಗ ನಾನು ಜಾತಕವನ್ನೇ ನಂಬುತ್ತೇನೆ. ತಾರೀಖಿಲ್ಲದ ಲೆಕ್ಕದ ಹಾಳೆಗಳಲ್ಲಿ ರೂಪಾಯಿ–ಆಣೆ–ಪೈ ಕಂಡರೆ ಅವು ಬಹುತೇಕ 1957ರ ಏಪ್ರಿಲ್‌ಗೆ, ಅಂದರೆ ನಯಾಪೈಸೆ ಬರುವುದಕ್ಕೆ, ಹಿಂದಿನವು. ಗೇಣಿ ಜಮೀನಿನ ಸಂಬಂಧವಿದ್ದಲ್ಲಿ 1974ರ ಭೂಸುಧಾರಣೆಯ ಕಾಲದ ಕಾಗದಗಳೂ ಸಿಕ್ಕಾವು.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷವಾದರೂ ಬೇಕು. ಹಳೆಯ ತೋಟ ನೀರಿನಡಿ ಹೋಗಿ ಹೊಸದು ಇನ್ನೂ ಕೈಗೆ ಬಾರದಿದ್ದ ಆ ವರ್ಷಗಳಲ್ಲಿ ಮನೆ ಹೇಗೆ ನಡೆಯಿತು, ಅಕ್ಕಿ ಎಲ್ಲಿಂದ ಬಂತು, ಸಾಲ ಕೊಟ್ಟವರು ಯಾರು, ಮಕ್ಕಳಲ್ಲಿ ಯಾರ ಓದು ನಿಂತಿತು ಎಂಬುದೇ ನನ್ನ ಪ್ರಕಾರ ಈ ಪುಸ್ತಕದ ಜೀವಾಳ. ಅಜ್ಜಿ ಇದ್ದರೆ ಮೊದಲು ಅವರನ್ನೇ ಕೇಳಿ, ಅವರ ಮಾತಿನ ಧಾಟಿಯಲ್ಲೇ ಬರೆದುಕೊಳ್ಳಿ. ‘ಆಗ ಕಷ್ಟವಿತ್ತೇ’ ಎಂದರೆ ‘ಹೌದು’ ಎಂದಷ್ಟೇ ಹೇಳಿಯಾರು. ಹಳೆಯ ಮನೆಯಿಂದ ಯಾವ ಕಂಬ, ಯಾವ ಬಾಗಿಲು ಬಿಚ್ಚಿ ತಂದಿರಿ, ಕೊಟ್ಟಿಗೆಯ ದನಗಳನ್ನು ಏನು ಮಾಡಿದಿರಿ, ಮೊದಲ ಮಳೆಗಾಲ ಎಲ್ಲಿ ಕಳೆದಿರಿ ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಮರವೇರಿ ಅಡಿಕೆ ಕೊನೆ ಇಳಿಸುತ್ತಿದ್ದ ಕೊನೆಗೌಡರನ್ನೂ, ಸುರಿವ ಮಳೆಯಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆದವರನ್ನೂ ಮರೆಯದೆ ಮಾತನಾಡಿಸಿ. ತೋಟ ಎದ್ದದ್ದು ಅವರ ಕೈಯಿಂದಲೂ ಹೌದಾದ್ದರಿಂದ ಅವರ ಹೆಸರುಗಳು ಪುಸ್ತಕದಲ್ಲಿರಲೇಬೇಕು.

ಹಿಸೆಯ ವಿಚಾರವನ್ನು ಬರೆಯಬಹುದು, ಆದರೆ ತಪ್ಪು ಯಾರದೆಂಬ ತೀರ್ಪು ಬೇಡ. ಯಾವಾಗ ಬೇರೆಯಾದರು, ಮಾತು ಎಷ್ಟು ಕಾಲ ನಿಂತಿತ್ತು ಎಂಬಷ್ಟನ್ನೇ ಬರೆದು, ಅಚ್ಚಿಗೆ ಕೊಡುವ ಮುನ್ನ ಚಿಕ್ಕಜ್ಜನ ಮನೆಯವರಿಗೆ ಓದಲು ಕೊಡಿ. ಅವರು ಬೇಡವೆಂದರೆ ಬಿಟ್ಟುಬಿಡಿ. ಅಣ್ಣತಮ್ಮಂದಿರು ರಾಮಲಕ್ಷ್ಮಣರಂತಿದ್ದರು ಎಂದು ಮಾತ್ರ ಬರೆಯಬೇಡಿ. ಮಾತು ಬಿಟ್ಟದ್ದು ಊರಿಗೆಲ್ಲ ಗೊತ್ತಿರುವ ಸಂಗತಿ; ಆ ಒಂದು ಸಾಲನ್ನು ಓದಿದವರು ಉಳಿದ ಪುಟಗಳನ್ನೂ ಅನುಮಾನದಿಂದಲೇ ತಿರುವುತ್ತಾರೆ.